ಶಾಸ್ತ್ರಾಧ್ಯಾಪಕರೂ ಬರೆವಣಿಗೆಯ ಶಿಕ್ಷಣವೂ: ತುಮಕೂರು ಸೀಮೆಯ ನೆಲೆಯಿಂದ ಒಂದು ಸಮೀಕ್ಷೆ

೧

ಕಾಲೇಜಿಗೆ ಬಂದ ವಿದ್ಯಾರ್ಥಿಗೆ ಬರೆಯುವುದನ್ನು ಕಲಿಸಬೇಕಾದವರು ಯಾರು? ಈ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಅದು ಭಾಷಾವಿಭಾಗದವರ ಹೊಣೆ. ರಸಾಯನಶಾಸ್ತ್ರದ ಅಧ್ಯಾಪಕರು ರಸಾಯನಶಾಸ್ತ್ರವನ್ನೂ ಚರಿತ್ರೆಯ ಅಧ್ಯಾಪಕರು ಚರಿತ್ರೆಯನ್ನೂ ಹೇಳಿಕೊಡುತ್ತಾರೆ. ವಾಕ್ಯ ಕೆಟ್ಟಿದ್ದರೆ, ವಿಚಾರಕ್ಕೆ ವಿಚಾರ ಹೊಂದದಿದ್ದರೆ, ಅದು ಕನ್ನಡ ಅಥವಾ ಇಂಗ್ಲಿಷ್ ಅಧ್ಯಾಪಕರ ಲೋಪವೆಂದು ಎಣಿಸಲಾಗುತ್ತದೆ. ಆದರೆ ವಿದ್ಯಾರ್ಥಿ ತನ್ನ ಪದವಿಯ ವರ್ಷಗಳಲ್ಲಿ ಬರೆಯುವುದರ ಬಹುಭಾಗ ಭಾಷಾಪತ್ರಿಕೆಗಳಲ್ಲಿಲ್ಲ. ಅವನು ಆರಿಸಿಕೊಂಡ ಶಾಸ್ತ್ರದ ಪತ್ರಿಕೆಗಳಲ್ಲಿದೆ. ಅಲ್ಲಿ ಅವನ ಬರೆಹವನ್ನು ಅಳೆಯುವವರುಂಟು, ತಿದ್ದುವವರಿಲ್ಲ.

೨೦೨೨ರ ನವೆಂಬರಿನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪಿಎಚ್.ಡಿ. ಪದವಿಗೆ ಸಂಬಂಧಿಸಿದ ತನ್ನ ಹೊಸ ನಿಯಮಾವಳಿಯನ್ನು ಪ್ರಕಟಿಸಿತು. ಯಾವ ವಿಷಯದವರೇ ಆಗಲಿ, ಸಂಶೋಧನ ವಿದ್ಯಾರ್ಥಿಗಳೆಲ್ಲರೂ ತಮ್ಮ ವಿಷಯಕ್ಕೆ ಸಂಬಂಧಪಟ್ಟ ಬೋಧನೆ, ಶಿಕ್ಷಣಕ್ರಮ, ಬರೆವಣಿಗೆ ಇವುಗಳಲ್ಲಿ ತರಬೇತು ಹೊಂದಬೇಕೆಂದು ಅದರಲ್ಲಿ ವಿಧಿಸಿದೆ. ಅವರಿಗೆ ವಾರಕ್ಕೆ ೪ರಿಂದ ೬ ಗಂಟೆಗಳಷ್ಟು ಬೋಧನ ಅಥವಾ ಸಂಶೋಧನ ಸಹಾಯದ ಕೆಲಸವನ್ನು ಒಪ್ಪಿಸಬಹುದೆಂದೂ ಹೇಳಿದೆ. ಬೋಧನೆ ಮತ್ತು ಬರೆವಣಿಗೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಅವೆರಡನ್ನೂ ಎಲ್ಲ ವಿಭಾಗಗಳಿಗೂ ಅನ್ವಯಿಸಿರುವುದು ಗಮನಾರ್ಹವಾದ ಸಂಗತಿ.

ಈ ನಿಯಮವನ್ನು ಹೊರನಾಡಿನಿಂದ ಬಂದ ಹೊಸ ವಿಚಾರವೆಂದು ಕೆಲವರು ಭಾವಿಸಬಹುದು. ಶಾಸ್ತ್ರಾಧ್ಯಾಪಕರಿಗೆ ಬರೆವಣಿಗೆಯ ಶಿಕ್ಷಣ ಕೊಡುವ ಕಾರ್ಯ ಹಿಂದಿನ ಮೈಸೂರು ಸಂಸ್ಥಾನದಲ್ಲಿ ನೂರು ವರ್ಷಗಳಿಗೂ ಹಿಂದೆಯೇ ನಡೆದಿತ್ತೆಂಬುದನ್ನೂ, ಅದರ ಮುಂದಾಳುಗಳಲ್ಲಿ ಹಲವರು ತುಮಕೂರು ಸೀಮೆಯ ನಂಟುಳ್ಳವರೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಜೊತೆಗೆ, ಆ ಪ್ರಯತ್ನ ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದನ್ನೂ ನಾವು ವಿಚಾರಿಸಬೇಕಾಗಿದೆ.

೨

ಹೊಸ ಪದ್ಧತಿಯ ಶಾಲೆಗಳು ಬರುವುದಕ್ಕೆ ಮೊದಲು ನಮ್ಮ ಊರುಗಳಲ್ಲಿ ಇದ್ದುದು ಕೂಲಿಮಠ. ಹುಡುಗರು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಬಳಿಕ ಬಳಪ ಹಿಡಿಯುತ್ತಿದ್ದರು. ಅಯ್ಯಗಳು ಅಕ್ಷರ, ಮಗ್ಗಿ, ಲೆಕ್ಕ, ಕಾವ್ಯವಾಚನಗಳ ಜೊತೆಗೆ ಕಾಗದದ ಒಕ್ಕಣೆಯನ್ನೂ ಪತ್ರ ಬರೆಯುವ ಕ್ರಮವನ್ನೂ ಕಲಿಸುತ್ತಿದ್ದರು. ಅಡಿಕೆಯ ವ್ಯಾಪಾರಕ್ಕೂ ಸಂತೆಗೂ ಹೆಸರಾಗಿದ್ದ ಗುಬ್ಬಿಯಂಥ ಪೇಟೆಯಲ್ಲಿ ಕಡತ ಬರೆಯಲು ಬಾರದವನಿಗೆ ಅಂಗಡಿಯಲ್ಲಿ ಸ್ಥಾನವಿರಲಿಲ್ಲ. ಅದೇ ಗುಬ್ಬಿ, ಹದಿನಾರನೆಯ ಶತಮಾನದಲ್ಲಿ ‘ಭಾವಚಿಂತಾರತ್ನ’, ‘ವೀರಶೈವಾಮೃತಪುರಾಣ’ಗಳನ್ನು ರಚಿಸಿದ ಮಲ್ಲಣಾರ್ಯನ ಊರೂ ಹೌದು. ಲೆಕ್ಕ ಬರೆಯುವುದೂ ಕಾವ್ಯ ಬರೆಯುವುದೂ ಬೇರೆ ಬೇರೆ ಕೆಲಸಗಳಾಗಿದ್ದರೂ, ಹುಡುಗನಿಗೆ ಇವುಗಳ ಮೊದಲ ಪಾಠ ಒಬ್ಬನೇ ಗುರುವಿನಿಂದ ದೊರೆಯುತ್ತಿತ್ತು. ಬರೆವಣಿಗೆಯೆಂಬುದು ವಿಷಯದಿಂದ ಬೇರ್ಪಟ್ಟ ವಿದ್ಯೆಯಾಗಿರಲಿಲ್ಲ.

ಈ ಪದ್ಧತಿಯಲ್ಲಿ ಇನ್ನೊಂದು ವಿಶೇಷವಿತ್ತು. ಮುಂದೆ ಸಾಗಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ದಕ್ಷಿಣ ಭಾರತದ ಊರಶಾಲೆಗಳ ಈ ರೀತಿಯನ್ನೂ ಮರಳಿನ ಮೇಲೆ ಬರೆಯುವ ಕ್ರಮವನ್ನೂ ಕಂಡ ಆಂಡ್ರೂ ಬೆಲ್ ಎಂಬಾತ ಇವನ್ನು ಮದರಾಸಿನ ಅನಾಥ ಬಾಲಕರ ಶಾಲೆಯೊಂದರಲ್ಲಿ ಪ್ರಯೋಗಿಸಿ, ೧೭೯೭ರಲ್ಲಿ ಇಂಗ್ಲೆಂಡಿನಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದನು. ಅಲ್ಲಿ ಅದು ‘ಮದರಾಸು ಪದ್ಧತಿ’ ಎಂದೇ ಪ್ರಸಿದ್ಧವಾಯಿತು. ಕಲಿಯುತ್ತಿರುವವನೇ ಕಲಿಸುವವನೂ ಆಗಬಲ್ಲನೆಂಬ ತತ್ತ್ವ ಹೀಗೆ ನಮ್ಮ ಜಗಲಿಗಳಿಂದ ಹೊರಟು ಹೊರನಾಡನ್ನು ಸೇರಿತೆಂಬುದನ್ನು ಮರೆಯಲಾಗದು. ಇಂದು ಸಂಶೋಧನ ವಿದ್ಯಾರ್ಥಿಯನ್ನು ಬೋಧನ ಸಹಾಯಕನನ್ನಾಗಿ ಮಾಡುವ ಏರ್ಪಾಡಿನ ಹಿಂದೆಯೂ ಇರುವುದು ಇದೇ ತತ್ತ್ವ.

ಮೈಸೂರಿನಲ್ಲಿ ಬಿ.ಎಲ್. ರೈಸರು ೧೮೬೮ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ಕನ್ನಡ ಶಿಕ್ಷಣ ಹಳ್ಳಿಗಳಿಗೆ ಹರಡಿತು. ಆದರೆ ಉನ್ನತ ಶಿಕ್ಷಣ ಇಂಗ್ಲಿಷಿನಲ್ಲಿ ನಡೆಯಿತು. ೧೮೫೮ರಲ್ಲಿ ಪ್ರೌಢಶಾಲೆಯಾಗಿ ಹುಟ್ಟಿ ೧೮೭೫ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರು ಪಡೆದ ಬೆಂಗಳೂರಿನ ವಿದ್ಯಾಸಂಸ್ಥೆ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಹುಡುಗರನ್ನು ಸಿದ್ಧಪಡಿಸುತ್ತಿತ್ತು. ತುಮಕೂರು, ಗುಬ್ಬಿ, ಕುಣಿಗಲುಗಳ ಕಡೆಯ ಹುಡುಗ ಅಲ್ಲಿಗೆ ಹೋಗಬೇಕಾದರೆ ಊಟ ವಸತಿಗಳದೇ ದೊಡ್ಡ ಚಿಂತೆ. ಗುಬ್ಬಿಯ ತೋಟದಪ್ಪನವರ ಧರ್ಮಸಂಸ್ಥೆಯಂಥವು ನಡೆಸಿದ ವಿದ್ಯಾರ್ಥಿನಿಲಯಗಳು ಆ ಚಿಂತೆಯನ್ನು ಎಷ್ಟೋ ಮಟ್ಟಿಗೆ ನೀಗಿದುವು. ಆದರೆ ಊರಿನ ಕನ್ನಡದಲ್ಲಿ ಯೋಚಿಸಿದುದನ್ನು ಕಾಲೇಜಿನ ಇಂಗ್ಲಿಷಿನಲ್ಲಿ ಬರೆಯುವ ಕಷ್ಟವನ್ನು ನೀಗಲು ಯಾವ ಛತ್ರವೂ ಸಾಲದು. ವಿಷಯ ಒಂದು ಕಡೆ, ಭಾಷೆ ಒಂದು ಕಡೆ ಎಂಬ ಒಡಕು ಬಲಿತುದು ಈ ಕಾಲದಲ್ಲಿ.

೩

ಈ ಒಡಕನ್ನು ಬೆಸೆಯಲು ಹೊರಟವರು ಯಾರೆಂದು ನೋಡಿದರೆ, ಅವರಲ್ಲಿ ಅನೇಕರು ಕನ್ನಡವನ್ನು ವೃತ್ತಿಯಾಗಿ ಬೋಧಿಸಲು ನೇಮಕವಾದವರಲ್ಲ ಎಂಬುದು ತಿಳಿದು ಆಶ್ಚರ್ಯವಾಗುತ್ತದೆ. ಬೆಳ್ಳಾವೆ ವೆಂಕಟನಾರಣಪ್ಪನವರು (೧೮೭೨-೧೯೪೩) ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರು. ಅವರ ಹೆಸರಿನೊಡನೆ ಸೇರಿರುವ ಬೆಳ್ಳಾವೆ ತುಮಕೂರು ತಾಲ್ಲೂಕಿನ ಊರು. ೧೯೧೧ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದ ಬಿ.ಎಂ. ಶ್ರೀಕಂಠಯ್ಯನವರು (೧೮೮೪-೧೯೪೬) ಇಂಗ್ಲಿಷಿನ ಅಧ್ಯಾಪಕರು. ಅವರು ಹುಟ್ಟಿದ್ದು ಗುಬ್ಬಿ, ಕುಣಿಗಲುಗಳಿಗೆ ನೆರೆಯಾದ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಮುಂದಿನ ತಲೆಮಾರಿನ ತೀ.ನಂ. ಶ್ರೀಕಂಠಯ್ಯನವರು (೧೯೦೬-೧೯೬೬) ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲಿಯೂ ಪದವಿ ಪಡೆದವರು.

೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ೧೯೧೮ರಲ್ಲಿ ಬೆಳ್ಳಾವೆಯವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಬದುಕಿದ್ದುದು ಸುಮಾರು ಎರಡು ವರ್ಷ ಮಾತ್ರ. ಆಯುಸ್ಸಿನಿಂದ ಅಳೆದರೆ ಅದು ಸೋಲು. ಅದು ತೆರೆದ ದಾರಿಯಿಂದ ಅಳೆದರೆ ಹಾಗೆನ್ನಲಾಗದು. ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತು ಇಂಗ್ಲಿಷಿನಲ್ಲಿಯೇ ಬೋಧಿಸುತ್ತಿದ್ದ ಪದವೀಧರರು ತಮ್ಮ ವಿಷಯವನ್ನು ಕನ್ನಡದ ಓದುಗನಿಗೆ ತಿಳಿಯುವಂತೆ ಬರೆಯಬೇಕಾಗಿ ಬಂದುದು ಆಗ. ಪಾರಿಭಾಷಿಕ ಪದ ಯಾವುದು, ಒಂದು ಇಂಗ್ಲಿಷ್ ವಾಕ್ಯವನ್ನು ಎಷ್ಟು ಕನ್ನಡ ವಾಕ್ಯಗಳಾಗಿ ಒಡೆಯಬೇಕು, ಓದುಗನಿಗೆ ಮೊದಲೇ ತಿಳಿದಿರುವುದು ಎಷ್ಟು ಎಂಬ ಪ್ರಶ್ನೆಗಳು ಅಲ್ಲಿ ತಾವಾಗಿಯೇ ಎದ್ದುವು.

ಬೆಳ್ಳಾವೆಯವರ ಜೀವನವೇ ಈ ಪ್ರಶ್ನೆಗಳಿಗೆ ಒಂದು ಬಗೆಯ ಉತ್ತರ. ಭೌತವಿಜ್ಞಾನಿಯಾದ ಅವರು ಪಂಪಭಾರತ, ಪಂಪರಾಮಾಯಣಗಳ ಸಂಪಾದನೆಗೆ ಕೈಹಾಕಿದರು, ‘ಜೀವವಿಜ್ಞಾನ’ವೆಂಬ ಗ್ರಂಥವನ್ನು ಬರೆದರು, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಕಾರ್ಯದಲ್ಲಿ ದುಡಿದರು, ೧೯೩೭ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ನಿಘಂಟು ೧೯೪೬ರಲ್ಲಿ ಪ್ರಕಟವಾದಾಗ ಅವರು ಜೀವಿಸಿರಲಿಲ್ಲ. ಹಳಗನ್ನಡ ಕಾವ್ಯದ ಪಾಠಾಂತರವನ್ನು ಪರಿಶೀಲಿಸುವ ಕಣ್ಣೂ ಪ್ರಯೋಗಶಾಲೆಯ ಅಳತೆಯನ್ನು ಪರಿಶೀಲಿಸುವ ಕಣ್ಣೂ ಒಂದೇ ಎಂಬುದು ಈ ದುಡಿಮೆಯಿಂದ ವಿಶದವಾಗುತ್ತದೆ.

೧೯೧೯ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಎ.ಆರ್. ಕೃಷ್ಣಶಾಸ್ತ್ರಿಗಳು ಅದರ ಸಂಪಾದಕರು. ಮುಂದೆ ಆ ಪತ್ರಿಕೆಯನ್ನು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಸಾಹಿತ್ಯವಲ್ಲದೆ ಚರಿತ್ರೆ, ತತ್ತ್ವಶಾಸ್ತ್ರ, ವಿಜ್ಞಾನಗಳ ಲೇಖನಗಳಿಗೂ ಅಲ್ಲಿ ಎಡೆಯಿತ್ತು. ಇದರ ಜೊತೆಗೆ ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ನಡೆದುವು. ಅಧ್ಯಾಪಕರು ಊರೂರಿಗೆ ಹೋಗಿ ತಮ್ಮ ವಿಷಯವನ್ನು ಕನ್ನಡದಲ್ಲಿ ಹೇಳುವುದು, ಬಳಿಕ ಅದನ್ನೇ ಕಿರುಹೊತ್ತಗೆಯಾಗಿ ಬರೆಯುವುದು ಅದರ ಕ್ರಮ. ಮೊದಲು ಕೇಳುಗರ ಮುಖ ನೋಡಿ ಮಾತನಾಡಿ, ಆಮೇಲೆ ಬರೆಯುವುದು: ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ಬರೆವಣಿಗೆಯ ಶಿಕ್ಷಣದಲ್ಲಿ ನಾವು ಬೇರೆ ಕಾಣೆವು.

ಈ ಸಂಸ್ಥೆಗಳಲ್ಲಿ ಯಾವುದನ್ನೂ ಆ ಕಾಲದವರು ತರಬೇತಿನ ಶಾಲೆಯೆಂದು ಕರೆಯಲಿಲ್ಲ. ಆದರೆ ಅಲ್ಲಿ ನಡೆದುದು ತರಬೇತೇ. ಶಾಸ್ತ್ರವನ್ನು ಬಲ್ಲ ಒಬ್ಬರು ಕರಡನ್ನು ಬರೆಯುವರು. ಭಾಷೆಯನ್ನು ಬಲ್ಲ ಇನ್ನೊಬ್ಬರು ಅದನ್ನು ಓದಿ, ತಿಳಿಯದ ಕಡೆ ಗುರುತುಮಾಡಿ ಹಿಂದಿರುಗಿಸುವರು. ಬರೆದವರು ಅದನ್ನು ಮತ್ತೆ ಬರೆಯುವರು. ಓದುವವನು ಪರೀಕ್ಷಕನಲ್ಲ, ತಿಳಿಯಬಯಸುವ ಮನುಷ್ಯ. ಸಂಪಾದಕರ ಮೇಜೇ ಅಂದಿನ ಗುರುಪೀಠವಾಗಿತ್ತು.

೪

ಸ್ವಾತಂತ್ರ್ಯಾನಂತರ ಈ ಕಾರ್ಯ ದೊಡ್ಡ ಪ್ರಮಾಣದಲ್ಲಿ ಮುಂದುವರಿಯಿತು. ೧೯೫೬ರಿಂದ ೧೯೬೦ರವರೆಗೆ ಕುಲಪತಿಗಳಾಗಿದ್ದ ಕುವೆಂಪು ಅವರು ಕನ್ನಡ ಮಾಧ್ಯಮಕ್ಕೂ ಅದಕ್ಕೆ ಬೇಕಾದ ಪಠ್ಯಗ್ರಂಥಗಳಿಗೂ ಶ್ರಮಿಸಿದರು. ೧೯೬೬ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪಿತವಾಯಿತು. ೧೯೬೯ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂದಿತು. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಜೆ.ಆರ್. ಲಕ್ಷ್ಮಣರಾಯರೂ ಗಣಿತದ ಅಧ್ಯಾಪಕರಾಗಿದ್ದ ಜಿ.ಟಿ. ನಾರಾಯಣರಾಯರೂ ಈ ಕಾಲದ ವಿಜ್ಞಾನಬರೆಹಕ್ಕೆ ಮೇಲ್ಪಂಕ್ತಿಯಾದರು. ವಿಶ್ವಕೋಶದ ವಿಜ್ಞಾನವಿಭಾಗವನ್ನು ನೋಡಿಕೊಂಡ ನಾರಾಯಣರಾಯರ ಕೆಲಸವೂ ಬೆಳ್ಳಾವೆಯವರು ಹಾಕಿದ ಹಾದಿಯದೇ: ತಜ್ಞರಿಂದ ಬರೆಯಿಸುವುದು, ಓದುವುದು, ತಿದ್ದುವುದು.

ಇಷ್ಟೆಲ್ಲ ಆದಮೇಲೆಯೂ ಕಾಲೇಜಿನ ತರಗತಿಯಲ್ಲಿ ವಿದ್ಯಾರ್ಥಿಯ ಬರೆಹ ಏಕೆ ಬದಲಾಗಲಿಲ್ಲ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಕಾರಣ ಸ್ಪಷ್ಟ. ಈ ಪರಂಪರೆ ಬರೆಯಬಲ್ಲ ಅಧ್ಯಾಪಕರನ್ನು ಸಿದ್ಧಪಡಿಸಿತು. ಬರೆಯಲು ಕಲಿಸಬಲ್ಲ ಅಧ್ಯಾಪಕರನ್ನು ಸಿದ್ಧಪಡಿಸಲಿಲ್ಲ. ಇವೆರಡೂ ಒಂದೇ ಅಲ್ಲ. ಒಳ್ಳೆಯ ಲೇಖಕನಿಗೆ ತನ್ನ ವಾಕ್ಯ ಏಕೆ ಸರಿಯಾಯಿತೆಂಬುದು ತಿಳಿದಿರಬೇಕಾಗಿಲ್ಲ. ಬೋಧಕನಿಗೆ ಅದು ತಿಳಿದಿರಲೇಬೇಕು. ಸಂಪಾದಕರು ಕಲಿಸಿದ ವಿದ್ಯೆ ಅವರ ಮೇಜಿಗೆ ಲೇಖನ ಕಳುಹಿಸಿದ ಕೆಲವರಲ್ಲಿ ಉಳಿಯಿತು. ಅದಕ್ಕೆ ಪಠ್ಯಕ್ರಮವಿರಲಿಲ್ಲ, ವೇಳಾಪಟ್ಟಿಯಲ್ಲಿ ಗಂಟೆಯಿರಲಿಲ್ಲ. ವ್ಯಕ್ತಿಗಳು ನಿವೃತ್ತರಾದಾಗ ವಿದ್ಯೆಯೂ ಅವರೊಡನೆ ಹೋಯಿತು. ಆ ವಲಯವೂ ಕಿರಿದು. ನಗರದ ಕಾಲೇಜುಗಳ, ಸಂಸ್ಕೃತದ ಬಲವುಳ್ಳ ಗದ್ಯದಲ್ಲಿ ಪಳಗಿದ ಕೆಲವರದು. ಹಳ್ಳಿಯಿಂದ ಬಂದ ಮೊದಲ ತಲೆಮಾರಿನ ಪದವೀಧರನಿಗೆ ಆ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ.

ಪಠ್ಯಗ್ರಂಥಗಳ ಗತಿಯೂ ಹೀಗೆಯೇ. ಅವು ವಿದ್ಯಾರ್ಥಿಗೆ ಪರಿಭಾಷೆಯನ್ನು ಕೊಟ್ಟುವು, ವಾಕ್ಯಗಳನ್ನೂ ಕೊಟ್ಟುವು. ತನ್ನ ವಾಕ್ಯವನ್ನು ತಾನೇ ಕಟ್ಟುವ ಅಭ್ಯಾಸವನ್ನು ಕೊಡಲಿಲ್ಲ. ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ದಂಥ ಉತ್ತಮ ಗ್ರಂಥ ೧೯೩೯ರಿಂದಲೇ ಕನ್ನಡದ ತರಗತಿಯಲ್ಲಿತ್ತು. ಆದರೆ ವ್ಯಾಕರಣದ ಪುಸ್ತಕ ಕನ್ನಡದ ಕೊಠಡಿಯಲ್ಲಿಯೇ ಉಳಿಯಿತು; ಅದನ್ನು ಪ್ರಯೋಗಶಾಲೆಯ ದಾಖಲೆ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದವರು ವಿರಳ.

ಅಧ್ಯಾಪಕರ ಆಯ್ಕೆಯ ಕ್ರಮವೂ ಈ ಕೊರತೆಯನ್ನು ಹೆಚ್ಚಿಸಿತು. ಅಧ್ಯಾಪಕ ಹುದ್ದೆಗೆ ಅರ್ಹತೆ ನೀಡುವ ರಾಷ್ಟ್ರೀಯ ಪರೀಕ್ಷೆಯಲ್ಲಿ ವಿವರವಾಗಿ ಬರೆಯಬೇಕಾಗಿದ್ದ ಮೂರನೆಯ ಪತ್ರಿಕೆಯನ್ನೂ ೨೦೧೨ರಲ್ಲಿ ಉತ್ತರ ಆರಿಸುವ ಮಾದರಿಗೆ ಬದಲಾಯಿಸಲಾಯಿತು. ಹಾಗಾಗಿ ಒಂದು ವಾಕ್ಯವನ್ನೂ ಬರೆಯದೆ ಬೋಧನೆಯ ಅರ್ಹತೆ ಗಳಿಸುವುದು ಸಾಧ್ಯವಾಯಿತು. ೧೯೮೭ರಿಂದೀಚೆಗೆ ಆಯೋಗ ಸ್ಥಾಪಿಸಿದ ಅಧ್ಯಾಪಕರ ತರಬೇತು ಕೇಂದ್ರಗಳು ಒಳ್ಳೆಯ ಕೆಲಸ ಮಾಡಿವೆ. ಆದರೆ ಅಲ್ಲಿಗೆ ಹೋಗುವವರು ಈಗಾಗಲೇ ಹುದ್ದೆಯಲ್ಲಿರುವವರು. ಮೊದಲ ಬಾರಿ ತರಗತಿಗೆ ಕಾಲಿಡುವ ಸ್ನಾತಕೋತ್ತರ ಪದವೀಧರನಿಗೆ, ಅದರಲ್ಲಿಯೂ ಅತಿಥಿ ಉಪನ್ಯಾಸಕನಾಗಿ ಬರುವವನಿಗೆ, ವಿದ್ಯಾರ್ಥಿಯ ಬರೆಹವನ್ನು ಹೇಗೆ ಓದಬೇಕೆಂದು ಹೇಳಿಕೊಡುವವರು ಯಾರು?

೫

ಇದೇ ಪ್ರಶ್ನೆಯನ್ನು ಇತರ ದೇಶಗಳವರು ಎದುರಿಸಿದ ಬಗೆಯನ್ನು ಸಂಕ್ಷೇಪವಾಗಿ ನೋಡಬಹುದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವು ೧೮೭೪ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಬರೆವಣಿಗೆಯನ್ನು ಸೇರಿಸಿತು. ೧೮೮೫ರಲ್ಲಿ ಅದನ್ನು ಮೊದಲ ವರ್ಷದ ಪಾಠವಾಗಿ ಮಾಡಿತು. ಅಲ್ಲಿಯೂ ಈ ಹೊರೆ ಬಹುಕಾಲ ಇಂಗ್ಲಿಷ್ ವಿಭಾಗದ ಮೇಲೆಯೇ ಇತ್ತು. ೧೯೬೬ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯ ಮೊದಲ ವರ್ಷದ ಬರೆವಣಿಗೆಯ ಬೋಧನೆಯನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿತು. ಕಾಲಕ್ರಮದಲ್ಲಿ ಆ ತರಗತಿಗಳನ್ನು ನಡೆಸುವ ಸಂಶೋಧನ ವಿದ್ಯಾರ್ಥಿಗಳಿಗೆ ಬರೆವಣಿಗೆಯನ್ನು ಕಲಿಸುವ ಬಗೆಯ ಪಾಠವನ್ನೂ ಏರ್ಪಡಿಸಿತು. ೧೯೬೯-೭೦ರಲ್ಲಿ ಅಯೊವಾ ಪ್ರಾಂತದ ಒಂದು ಚಿಕ್ಕ ಕಾಲೇಜಿನಲ್ಲಿ ಬಾರ್ಬರಾ ವಾಲ್ವೋರ್ಡ್ ಎಂಬ ಅಧ್ಯಾಪಕಿ ಎಲ್ಲ ವಿಭಾಗಗಳ ಅಧ್ಯಾಪಕರನ್ನೂ ಕೂಡಿಸಿ ವಿದ್ಯಾರ್ಥಿಗಳ ಬರೆಹವನ್ನು ಕುರಿತು ಗೋಷ್ಠಿ ನಡೆಸಿದರು. ಆ ಕಾಲೇಜಿನ ಹೆಸರೂ ಸೆಂಟ್ರಲ್ ಕಾಲೇಜೆಂಬುದು ಕಾಕತಾಳೀಯವಾದರೂ ಮುದಕೊಡುವ ಸಂಗತಿ.

ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ರಿಟನ್ ಮತ್ತು ಅವರ ಸಂಗಡಿಗರು ೧೧ರಿಂದ ೧೮ ವಯಸ್ಸಿನ ವಿದ್ಯಾರ್ಥಿಗಳು ಎಲ್ಲ ವಿಷಯಗಳಲ್ಲಿಯೂ ಬರೆದ ಎರಡು ಸಾವಿರಕ್ಕೂ ಹೆಚ್ಚಿನ ಬರೆಹಗಳನ್ನು ಪರಿಶೀಲಿಸಿ, ೧೯೭೫ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಶಾಲೆಯ ಬರೆಹದ ದೊಡ್ಡ ಪಾಲು ಪರೀಕ್ಷಕನಾದ ಉಪಾಧ್ಯಾಯನನ್ನು ಉದ್ದೇಶಿಸಿದ್ದೆಂದು ಅವರು ಕಂಡರು. ತನಗೆ ಆಗಲೇ ಗೊತ್ತಿರುವುದನ್ನು ಓದುವವನಿಗಾಗಿ ಬರೆಯುವಾಗ ವಿವರಿಸುವ ಅಗತ್ಯವೇ ಹುಟ್ಟುವುದಿಲ್ಲ. ಇದನ್ನು ಓದುವಾಗ ‘ವಿಜ್ಞಾನ’ ಪತ್ರಿಕೆಯ ನೆನಪಾಗುತ್ತದೆ. ತಿಳಿಯದವನಿಗೆ ತಿಳಿಸಲೆಂದು ಬರೆಯುವುದೇ ಅದರ ಬಲವಾಗಿತ್ತು. ಅಮೆರಿಕದವರು ಸಾಧಿಸಿದ್ದು ಹೊಸ ತತ್ತ್ವವನ್ನಲ್ಲ. ಅದನ್ನು ತರಗತಿಯೊಳಕ್ಕೆ ತಂದು, ಹೊಸ ಬೋಧಕನ ತರಬೇತಿನ ಭಾಗವಾಗಿ ಮಾಡಿದರು. ನಮ್ಮವರು ಬಿಟ್ಟ ಹೆಜ್ಜೆ ಅದೊಂದೇ.

೬

ತುಮಕೂರು ಜಿಲ್ಲೆಯ ಕಾಲೇಜುಗಳು ಮೊದಲು ಮೈಸೂರು, ಬಳಿಕ ಬೆಂಗಳೂರು ವಿಶ್ವವಿದ್ಯಾನಿಲಯಗಳ ಆಶ್ರಯದಲ್ಲಿದ್ದುವು. ೨೦೦೪ರಲ್ಲಿ ಈ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾನಿಲಯ ಬಂದಿತು. ಆದುದರಿಂದ ಬಿಟ್ಟ ಹೆಜ್ಜೆಯನ್ನಿಡಲು ಬೇಕಾದ ಅಧಿಕಾರ ಹತ್ತಿರದಲ್ಲಿಯೇ ಇದೆ. ವಸ್ತುವೂ ಹತ್ತಿರದಲ್ಲಿದೆ. ಕುಣಿಗಲಿನ ಕೆರೆಯನ್ನೇ ತೆಗೆದುಕೊಳ್ಳಬಹುದು. ಜನಪದ ಗೀತೆ ಆ ಕೆರೆಯ ಚೆಲುವನ್ನು ಕೊಂಡಾಡುತ್ತದೆ. ಭೂಗೋಳದ ವಿದ್ಯಾರ್ಥಿ ಅದರ ಜಲಾನಯನ ಪ್ರದೇಶವನ್ನು ವರ್ಣಿಸಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿ ಅಚ್ಚುಕಟ್ಟಿನ ಬೆಳೆಯನ್ನು ಲೆಕ್ಕಹಾಕಬೇಕು. ಸಸ್ಯಶಾಸ್ತ್ರದ ವಿದ್ಯಾರ್ಥಿ ದಡದ ಗಿಡಗಳನ್ನು ವರ್ಗೀಕರಿಸಬೇಕು. ಕೆರೆ ಒಂದೇ, ಬರೆಹಗಳು ನಾಲ್ಕು. ಯಾವುದು ಸಾಕ್ಷ್ಯ, ಯಾವುದು ಊಹೆ, ಯಾವ ಮಾತಿಗೆ ಅಂಕಿ ಬೇಕು, ಯಾವುದಕ್ಕೆ ಚಿತ್ರ ಬೇಕು ಎಂಬ ಕಟ್ಟಳೆ ಪ್ರತಿಯೊಂದರಲ್ಲಿಯೂ ಬೇರೆ. ಆ ಕಟ್ಟಳೆಯನ್ನು ಕನ್ನಡದ ಅಧ್ಯಾಪಕರು ಹೇಳಿಕೊಡಲಾರರು; ಆಯಾ ಶಾಸ್ತ್ರದವರೇ ಹೇಳಬೇಕು.

ತುಮಕೂರಿಗೆ ಸಮೀಪದ ಕೈದಾಳ ಇನ್ನೊಂದು ಉದಾಹರಣೆ. ಜಕಣಾಚಾರಿಗೆ ಅಲ್ಲಿ ಕೈ ಮರಳಿ ಬಂದಿತೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಅಲ್ಲಿಯ ಹನ್ನೆರಡನೆಯ ಶತಮಾನದ ಶಾಸನ ಹೊಯ್ಸಳ ಸಾಮಂತ ಗೂಳಿ ಬಾಚಿಯ ಹೆಸರನ್ನು ಹೇಳುತ್ತದೆ. ಈ ಜಿಲ್ಲೆಯ ಶಾಸನಗಳನ್ನು ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ೧೨ನೆಯ ಸಂಪುಟದಲ್ಲಿ ೧೯೦೪ರಲ್ಲಿಯೇ ಅಚ್ಚುಮಾಡಿಸಿದ್ದಾರೆ. ‘ಶಾಸನ ಹೇಳುತ್ತದೆ’, ‘ಇದರಿಂದ ಊಹಿಸಬಹುದು’, ‘ಜನರು ನಂಬುತ್ತಾರ’ ಎಂಬ ಮೂರು ಕ್ರಿಯಾಪದಗಳ ಅಂತರವನ್ನು ಅರಿತು ಒಂದು ಪುಟ ಬರೆದ ವಿದ್ಯಾರ್ಥಿ ಚರಿತ್ರೆಯ ವಿಧಾನದ ಸಾರವನ್ನೇ ಅರಿತಂತೆ. ರಸಾಯನಶಾಸ್ತ್ರದಲ್ಲಿಯೂ ಹಾಗೆಯೇ. ‘ದ್ರಾವಣವನ್ನು ಕಾಯಿಸಲಾಯಿತು’ ಎಂದು ಇಂಗ್ಲಿಷಿನ ಜಾಡಿನಲ್ಲಿ ಬರೆಯಬೇಕೋ, ‘ಕಾಯಿಸಿದೆವು’ ಎಂದು ಕನ್ನಡದ ಜಾಡಿನಲ್ಲಿ ಬರೆಯಬೇಕೋ ಎಂಬ ಚರ್ಚೆ ಪ್ರಯೋಗ ಮಾಡಿದವರು ಯಾರು, ಫಲಿತಾಂಶಕ್ಕೆ ಹೊಣೆ ಯಾರು ಎಂಬ ವಿಚಾರಕ್ಕೆ ನಮ್ಮನ್ನು ಕೊಂಡೊಯ್ಯುತ್ತದೆ.

ಇಂಥ ಶಿಕ್ಷಣವನ್ನು ಸಂಶೋಧನ ವಿದ್ಯಾರ್ಥಿಗಳಿಗೆ ಕೊಡಲು ದೊಡ್ಡ ಏರ್ಪಾಡು ಬೇಕಿಲ್ಲ. ಒಬ್ಬ ಸಂಶೋಧಕನಿಗೆ ಪದವಿ ತರಗತಿಯ ಇಪ್ಪತ್ತು ಮಂದಿಯನ್ನು ಒಪ್ಪಿಸಿ, ಅವರ ಕರಡನ್ನು ಅಂಕ ಹಾಕುವುದಕ್ಕೆ ಮುಂಚೆಯೇ ಓದಿ ಹಿಂದಿರುಗಿಸುವಂತೆ ಮಾಡಬಹುದು. ತಿಂಗಳಿಗೊಮ್ಮೆ ಇಂಥ ಹೊಸ ಬೋಧಕರೆಲ್ಲ ಒಂದೆಡೆ ಸೇರಿ, ಒಂದೇ ಬರೆಹವನ್ನು ಬೇರೆ ಬೇರೆಯಾಗಿ ತಿದ್ದಿ ಹೋಲಿಸಿ ನೋಡಬಹುದು. ಆ ಗೋಷ್ಠಿಯಲ್ಲಿ ಶಾಸ್ತ್ರವಿಭಾಗದ ಒಬ್ಬರೂ ಕನ್ನಡ ವಿಭಾಗದ ಒಬ್ಬರೂ ಜೊತೆಗೂಡಿ ಕುಳಿತರೆ ಹಳೆಯ ಸಂಪಾದಕರ ಮೇಜು ಮರಳಿ ಬಂದಂತೆ. ಕರಡು ಓದುವ ಗಂಟೆಗಳನ್ನು ಪಾಠದ ಗಂಟೆಗಳಂತೆಯೇ ಲೆಕ್ಕಕ್ಕೆ ಹಿಡಿಯಬೇಕು. ಅತಿಥಿ ಉಪನ್ಯಾಸಕರಿಗೂ ಅದು ಅನ್ವಯಿಸಬೇಕು. ಲೆಕ್ಕಕ್ಕೆ ಬಾರದ ಕೆಲಸ ಬಹುಕಾಲ ಉಳಿಯದೆಂಬುದನ್ನು ‘ವಿಜ್ಞಾನ’ ಪತ್ರಿಕೆಯ ಎರಡು ವರ್ಷಗಳ ಆಯುಸ್ಸೇ ಸಾರುತ್ತದೆ.

ಬೆಳ್ಳಾವೆ, ಸಂಪಿಗೆ, ತೀರ್ಥಪುರಗಳ ಹೆಸರನ್ನು ಅಭಿಮಾನದಿಂದ ಹೇಳಿಕೊಳ್ಳುವುದು ಸುಲಭ. ಆ ಹಿರಿಯರು ಮಾಡಿದ ಕೆಲಸ ಅಭಿಮಾನದ ವಸ್ತುವಾಗಿ ಮಾತ್ರ ಉಳಿದರೆ ಅದರಿಂದ ಗುಬ್ಬಿ, ಕುಣಿಗಲುಗಳ ವಿದ್ಯಾರ್ಥಿಗೆ ಪ್ರಯೋಜನವಿಲ್ಲ. ಅವನಿಗೆ ಬೇಕಾದುದು ತನ್ನ ಬರೆಹವನ್ನು ಒಮ್ಮೆ ನಿಧಾನವಾಗಿ ಓದಿ, ಎಲ್ಲಿ ತಿಳಿಯಲಿಲ್ಲವೆಂದು ಹೇಳುವ ಒಬ್ಬ ತರುಣ ಅಧ್ಯಾಪಕ. ಅಂಥವರನ್ನು ಸಿದ್ಧಪಡಿಸುವ ಹೊಣೆ ವಿಶ್ವವಿದ್ಯಾನಿಲಯದ ಎಲ್ಲ ವಿಭಾಗಗಳ ಮೇಲೂ ಸಮನಾಗಿದೆ.